ಕದ್ದೊಯ್ದ ಮದುಮಗಳ ಫೋಟೊ

ಮಾರ್ಚ್ ೧೪, ಗುರುವಾರ. ಬುಕಾರೆಸ್ಟ್.

ಅಯ್ಯೋ ದೇವರೇ, ಎಂಥ ಫೋಟೊ ಲಗತ್ತಿಸಿಬಿಟ್ಟೆ! ಕೆನಡಾದಲ್ಲಿರುವ ಗಂಡನನ್ನು ಸೇರಲು ವೀಸಾ ಬೇಡಿದವಳು, ಮದುವೆಯ ದಿನ ನಾಲ್ವರು ಗಂಡಸರು ನನ್ನನ್ನು ಹೊತ್ತುಕೊಂಡು ಓಡುವ ಚಿತ್ರವನ್ನೇ ಅರ್ಜಿಗೆ ಸೇರಿಸಿದ್ದೆ. ನಮ್ಮಲ್ಲಿ ಮದುಮಗಳನ್ನು ಕದಿಯದೆ ಮದುವೆ ಮುಗಿಯುವುದುಂಟೇ?

ಕೆನಡಾ ರಾಯಭಾರ ಕಚೇರಿಯಲ್ಲಿ ಗಾಜಿನಾಚೆಯ ಅಧಿಕಾರಿಣಿ ಹುಬ್ಬು ಗಂಟಿಕ್ಕಿದಳು. "ಇವ್ರೆಲ್ಲ ಯಾರು? ನಿಮ್ಮನ್ನ ಬಲವಂತವಾಗಿ ಎತ್ಕೊಂಡು ಹೋಗ್ತಿದಾರಾ?"

"ಕಳ್ಳರು ಮೇಡಂ! ಅದ್ರಲ್ಲೊಬ್ಬ ನನ್ನ ಸ್ವಂತ ತಮ್ಮ!" ನನ್ನ ದೊಡ್ಡ ಗಂಟಲಿಗೆ ಇಡೀ ಕಚೇರಿಯೇ ತಿರುಗಿ ನೋಡಿತು. "ಗಂಡ ಏನಾದ್ರೂ ಕೊಟ್ಟು ಬಿಡಿಸ್ಕೋಬೇಕು, ಅದೇ ಆಟ!"

"ಏನ್ ಕೊಟ್ರು?"

ಅಲ್ಲಿ ನನ್ನ ಅಬ್ಬರವೆಲ್ಲ ಅಡಗಿತು. ನಾಲ್ಕು ಜನರೆದುರು ನೀರು ಕೇಳಲೂ ನಾಚುವ ನನ್ನ ಗಂಡ ಸೊರಿನ್, ಅವತ್ತು ಇನ್ನೂರು ಜನರ ನಡುವೆ ಮಂಡಿಯೂರಿ ಅಂದಿದ್ದ: "ವಿಯೊರಿಕಾ, ನಂಗೆ ಮಾತು ಬರಲ್ಲ ಕಣೇ. ನೀನು ಮಾತಾಡ್ತಿರು, ಸಾಯೋತನಕ ಕೇಳ್ತಿರ್ತೀನಿ." ಅದನ್ನೇ ಪಿಸುಗುಟ್ಟಿದೆ.

ಆಕೆ ಫೋಟೊವನ್ನು ಅರ್ಜಿಯೊಳಗೆ ಮರಳಿ ಇಟ್ಟಳು. ಆಮೇಲೆ ನನ್ನ ಪಾಸ್‌ಪೋರ್ಟನ್ನು ತನ್ನತ್ತ ಎಳೆದುಕೊಂಡಳು. "ಇದು ಇಲ್ಲೇ ಇರ್ಲಿ. ವೀಸಾ ಅಂಟಿಸಿ ಕಳಿಸ್ತೀವಿ."

ಸಂಜೆ ಫೋನಿನಲ್ಲಿ ಸೊರಿನ್‌ಗೆ ಹೇಳಿದೆ. "ಹಾಗಾದ್ರೆ ಇನ್ನೊಂದು ದಿಂಬು ತರ್ಬೇಕಲ್ಲ" ಅಂದ. ಹದಿನಾಲ್ಕು ತಿಂಗಳಿಂದ ಕೆನಡಾದ ಅವನ ಮನೆಯಲ್ಲಿ ಒಂದೇ ದಿಂಬು. ನನ್ನ ಸೊರಿನ್, ನನ್ನ ಮಾತು ಬಾರದ ಸೊರಿನ್!