ಉಬ್ಬಣ್ಣನ ನಗು

ಮಾರ್ಚ್ 3, ಸೋಮವಾರ

ಎಂದಿನಂತೆ ಫ್ರಿಜ್ಜಿನ ಬಾಗಿಲಿಗೆ ರಾಜಾಜ್ಞೆ ಅಂಟಿಸಿ ಹೊರಟೆ. ‘ಈ ಮೂಲಕ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಮೊನ್ನೆಯ ಹಾಲು ಇಂದು ಸಂಜೆ ಸ್ವರ್ಗಸ್ಥವಾಗಲಿದೆ. ಬಂಧುಮಿತ್ರರು ಅದಕ್ಕೆ ಮೊದಲೇ ಕುಡಿದು ಸದ್ಗತಿ ಕಾಣಿಸತಕ್ಕದ್ದು.’ ಸಮಸ್ತರು ಎಂದರೆ ದೊಡ್ಡಮ್ಮ ಒಬ್ಬಳೇ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು. ಅವಳು ನನಗಿಟ್ಟ ಹೆಸರು ಡಂಗುರ.

ಆಹಾರ ಸುರಕ್ಷತಾ ಕಚೇರಿ, ಪ್ರಚಾರ ವಿಭಾಗ — ಅಂದರೆ ನಾನು, ಒಂದು ಕಂಪ್ಯೂಟರ್, ಒಂದು ಗೊರಕೆ ಹೊಡೆಯುವ ಫ್ಯಾನು. ಮಧ್ಯಾಹ್ನ ಲ್ಯಾಬ್ ಮೇಡಂ ಮೇಲೆ ಬಂದರು. ಒಂದು ಕಂಪನಿಯ ಅಣಬೆ ಡಬ್ಬಗಳಲ್ಲಿ ವಿಷ ಹುಟ್ಟಿದೆ. ಕೆಲವು ಡಬ್ಬ ಉಬ್ಬುತ್ತವೆ, ಕೆಲವು ಉಬ್ಬುವುದಿಲ್ಲ. ಮೂಸಿದರೆ ತಿಳಿಯುವುದಿಲ್ಲ. ನರ ಹಿಡಿಯುತ್ತದೆ... ಸಾಹೇಬರು ನನ್ನತ್ತ ತಿರುಗಿ, ಜನ ಗಾಬರಿಯಾಗಬಾರದು, ಸ್ವಲ್ಪ ನಗುನಗುತ್ತ ಹೇಳು ಎಂದರು. ನಗಿಸುವುದೇ? ಕೋತಿಗೆ ಮರ ಹತ್ತು ಅಂದ ಹಾಗೆ.

ಮಾರ್ಚ್ 5, ಬುಧ

ಎಚ್ಚರಿಕೆಯ ಸ್ಟಿಕ್ಕರಿನ ಮೇಲೆ ಉಬ್ಬಣ್ಣ ಹುಟ್ಟಿದ. ಹೊಟ್ಟೆ ಉಬ್ಬಿದ ಡಬ್ಬ, ಎರಡು ಕಾಲು, ಕಿವಿಯಿಂದ ಕಿವಿಗೆ ನಗು. ಹೊಟ್ಟೆ ಸಾಹೇಬರದ್ದೇ — ಅವರಿಗೆ ತಿಳಿಯಲಿಲ್ಲ, ಬಹಳ ಮೆಚ್ಚಿದರು. ಇನ್ನೂ ದೊಡ್ಡದು ಮಾಡು ಎಂದರು. ಮಾಡಿದೆ. ‘ಮಾರಾಟಕ್ಕಿಲ್ಲ, ತಿನ್ನಬಾರದು’ ಎಂಬ ಸಾಲು ಅವನ ಕಾಲಡಿಗೆ ಸರಿಯಿತು. ಇರುವೆ ಸಾಲಿನಷ್ಟು.

ಲ್ಯಾಬ್ ಮೇಡಂ ಸ್ಟಿಕ್ಕರನ್ನು ದೂರ ಹಿಡಿದರು, ಹತ್ತಿರ ಹಿಡಿದರು. “ಇದು ನಗ್ತಾ ಇದ್ಯಲ್ಲ. ಯಾಕೆ?”

ಅದರ ಸ್ವಭಾವವೇ ಹಾಗೆ ಮೇಡಂ ಎಂದೆ. ಎಲ್ಲರೂ ನಕ್ಕರು. ಅವರು ನಗಲಿಲ್ಲ.

ನಮ್ಮಲ್ಲಿ ಕ್ರಮ ಹೀಗೆ: ಮೊದಲು ಅಂಗಡಿಯಲ್ಲಿರುವ ಡಬ್ಬಗಳಿಗೆ ಸ್ಟಿಕ್ಕರ್ ಹಚ್ಚುವುದು. ಎರಡು ಮೂರು ದಿನದೊಳಗೆ ಅಂಗಡಿಯವರು ಅವನ್ನು ಒಳಗೆ ಎತ್ತಿಡುವುದು. ಮುಂದಿನ ವಾರ ಗಾಡಿ ಬಂದು ಒಯ್ಯುವುದು.

ದೊಡ್ಡಮ್ಮನಿಗೆ ಹೇಳಿಲ್ಲ. ಸಾಮಾನು ತರಲು ಹೋದಾಗ ತಾನೇ ನೋಡಿ ಬೆರಗಾಗಲಿ. ನನ್ನ ಗೀಚು ಅವಳಿಗೆ ಎಲ್ಲಿದ್ದರೂ ಗೊತ್ತಾಗುತ್ತದೆ.

ಮಾರ್ಚ್ 7, ಶುಕ್ರ

ಉಬ್ಬಣ್ಣ ಊರು ಗೆದ್ದ! ಫೋನಿನಿಂದ ಫೋನಿಗೆ ಓಡುತ್ತಿದ್ದಾನೆ. ಧ್ವನಿವರ್ಧಕದ ಗಾಡಿಗೆ ನನ್ನದೇ ದನಿ — ಮೂಗಿನಲ್ಲಿ, ಹಳೇ ಮಂತ್ರಿಯ ಗತ್ತಿನಲ್ಲಿ. ಮಕ್ಕಳು ಗಾಡಿಯ ಹಿಂದೆ ಓಡಿದರಂತೆ. ಸಾಹೇಬರು ಬೆನ್ನು ತಟ್ಟಿದರು. ನಾಳೆ ಪಕ್ಕದ ಊರಿಗೆ ಸ್ಟಿಕ್ಕರ್ ಸವಾರಿ, ಅಲ್ಲೇ ವಸತಿ.

ಮಾರ್ಚ್ 9, ಭಾನುವಾರ

ಸಂಜೆ ಮನೆಗೆ ಬಂದೆ. ದೊಡ್ಡಮ್ಮ ಕುರ್ಚಿಯಲ್ಲಿದ್ದಳು. ನನ್ನನ್ನು ನೋಡಿ, ಒಬ್ಬನ್ನ ಸಾಕೋದೇ ಸಾಕುಸಾಕಾಗಿದೆ, ಇಬ್ಬರಾಗಿ ನಿಂತಿದೀಯಲ್ಲೋ ಎಂದಳು. ನಕ್ಕೆ. ನಾನೂ ಇಬ್ಬರ ಹಾಗೆ ಆಚೆ ಈಚೆ ಕುಣಿದು ತೋರಿಸಿದೆ. ಅವಳ ರೆಪ್ಪೆ ಅರ್ಧ ಇಳಿದಿತ್ತು. ನಿದ್ದೆ ಅಂದುಕೊಂಡೆ.

ಆಮೇಲೆ ನಿನ್ನ ಪಾಲು ಫ್ರಿಜ್ಜಿನಲ್ಲಿದೆ ಎಂದಳು. ನಾಲಿಗೆ ತೊದಲುತ್ತಿತ್ತು. ತೆಗೆದೆ. ಬಟ್ಟಲು, ಮೇಲೆ ತಟ್ಟೆ ಮುಚ್ಚಿದೆ. ಅಣಬೆ ಸೂಪು. ಕಸದ ಬುಟ್ಟಿಯಲ್ಲಿ ಉಬ್ಬಣ್ಣ. ನಗುತ್ತಿದ್ದ.

“ನಿನ್ನ ಚಿತ್ರ ಇತ್ತಲ್ಲೋ. ನೀನೇ ಪಾಸು ಮಾಡಿದ್ದು ಅಂದ್ಕೊಂಡೆ.”

ಕನ್ನಡಕ ಒಯ್ದಿರಲಿಲ್ಲ. ಅಂಗಡಿಯವನ ಒಳಕೋಣೆ ತುಂಬಿತ್ತಂತೆ, ಡಬ್ಬಗಳು ಕಪಾಟಿನಲ್ಲೇ ಇದ್ದವಂತೆ, ಬಿಲ್ಲು ಹಾಕಿದವನೂ ಚಿತ್ರ ನೋಡಿ ನಗುತ್ತಲೇ ಕೊಟ್ಟನಂತೆ. ನಮ್ಮ ಹುಡುಗನ ಚಿತ್ರ ಎಂದು ಅಲ್ಲಿದ್ದವರಿಗೆಲ್ಲ ತೋರಿಸಿದಳಂತೆ. ಇದನ್ನೆಲ್ಲ ಆಟೋದಲ್ಲಿ ಹೇಳಿದಳು. ಕೊನೆಕೊನೆಗೆ ಮಾತು ತಿಳಿಯಲಿಲ್ಲ.

ಮಾರ್ಚ್ 12

ಉಸಿರಿನ ಯಂತ್ರ. ಮದ್ದು ಕೊಟ್ಟಿದ್ದಾರೆ. ಅದು ವಿಷ ಮುಂದಕ್ಕೆ ಹೋಗದಂತೆ ತಡೆಯುತ್ತದೆ, ಹಿಡಿದದ್ದನ್ನು ಬಿಡಿಸುವುದಿಲ್ಲ. ಬಿಟ್ಟರೆ ತಾನಾಗಿ ಬಿಡಬೇಕು, ವಾರಗಳಾಗಬಹುದು... ಬಿಡದೆಯೂ ಇರಬಹುದು. ಡಾಕ್ಟರು ಇಷ್ಟು ಹೇಳಿ, ಅವರಿಗೆ ಎಲ್ಲ ಕೇಳಿಸುತ್ತದೆ, ಅರ್ಥವೂ ಆಗುತ್ತದೆ, ಮಾತಾಡಿಸಿ ಎಂದರು.

ಮಾತಾಡಿಸಲಿಲ್ಲ. ಕ್ಯಾಂಟೀನಿನಲ್ಲಿ ಬನ್ನು ತಿಂದೆ. ಅಳು ಬರುತ್ತದೆಂದು ಮೆಟ್ಟಿಲ ಕೆಳಗೆ ಹೋಗಿ ನಿಂತೆ. ಬರಲಿಲ್ಲ. ವಾಪಸು ಬಂದೆ.

ಮಾರ್ಚ್ 14

ಕಿಟಕಿಯ ಕೆಳಗೆ ಪ್ರಚಾರದ ಗಾಡಿ ಹೋಯಿತು. ‘ಈ ಮೂಲಕ ಸಮಸ್ತರಿಗೂ...’ ನನ್ನ ಮೂಗು, ನನ್ನ ಗತ್ತು. ಪಕ್ಕದ ಬೆಂಚಿನ ಹೆಂಗಸು ಮಗುವನ್ನು ಎತ್ತಿ ತೋರಿಸಿದಳು. ಮಗು ಚಪ್ಪಾಳೆ ತಟ್ಟಿತು. ಡಬ್ಬದಲ್ಲಿ ಏನಿದೆಯಂತೆ ಎಂದು ಅವಳನ್ನು ಕೇಳಿದೆ. ಏನೋ ಹೊಸಾದು ಬಂದಿದೆಯಂತೆ, ಚೆನ್ನಾಗಿ ಹೇಳ್ತಾನೆ ಎಂದಳು.

ಮಾರ್ಚ್ 15, ಶನಿ

ಆಫೀಸಿಗೆ ಹೋದೆ. ಸಾಹೇಬರು ಎದ್ದು ನಿಂತು ಭುಜ ಹಿಡಿದರು. ರಜೆ ತಗೊ ಎಂದರು. ಹೊಸ ಪ್ರಕಟಣೆ ಮುಂದಿಟ್ಟೆ. ಚಿತ್ರವಿಲ್ಲ. ಮೇಲೆ ಕಂಪನಿಯ ಹೆಸರು, ಕೆಳಗೆ ದಪ್ಪ ಅಕ್ಷರ. ‘ಈ ಡಬ್ಬದ ಅಣಬೆ ತಿನ್ನಬೇಡಿ. ಉಬ್ಬದಿದ್ದರೂ ತಿನ್ನಬೇಡಿ. ತಿಂದ ಒಬ್ಬರು ಉಸಿರಾಡಲಾರದೆ ಆಸ್ಪತ್ರೆಯಲ್ಲಿದ್ದಾರೆ. ತಿಂದಿದ್ದರೆ ಈಗಲೇ ಆಸ್ಪತ್ರೆಗೆ ಹೋಗಿ.’

ಓದಿದರು. ಮತ್ತೊಮ್ಮೆ ಓದಿದರು. “ಇಷ್ಟು ಸಪ್ಪೆಯಾದ್ರೆ ಯಾರಪ್ಪಾ ಕೇಳ್ತಾರೆ? ಆಸ್ಪತ್ರೆ ಮಾತು ತೆಗಿ. ಜನ ಹೆದರ್ತಾರೆ.”

“ಹೆದರ್ಲಿ ಸಾರ್.”

ಜೋರಾಗಿ ಹೇಳಲಿಲ್ಲ. ಜೋರು ಇರಲಿಲ್ಲ. ಲ್ಯಾಬ್ ಮೇಡಂ ಬಾಗಿಲಲ್ಲಿ ನಿಂತಿದ್ದವರು ಒಳಗೆ ಬಂದು ಸಾಹೇಬರ ಪೆನ್ನಿನ ಮುಚ್ಚಳ ತೆಗೆದು ಅವರ ಕೈಗೆ ಕೊಟ್ಟರು. ಸಹಿಯಾಯಿತು. ಈ ವಾರ ಹೊರಡಬೇಕಿದ್ದ ಗಾಡಿ ಇನ್ನೂ ಹೊರಟಿಲ್ಲ, ಸ್ಟಿಕ್ಕರಿಗೆ ಕಾಯದೆ ಇವತ್ತೇ ಕಳಿಸಿ ಡಬ್ಬ ಎತ್ತಿಸುತ್ತೇನೆ ಎಂದು ಮೇಡಂ ಹೋದರು.

ದನಿ ಕೊಟ್ಟೆ. ಮೂಗಿಲ್ಲದೆ. ರೆಕಾರ್ಡ್ ಮಾಡುವವನು ಕೇಳಿಸಿದ. ಯಾರದೋ ದನಿ ಅನ್ನಿಸಿತು.

ಮಾರ್ಚ್ 18

ಹೊಸ ಪ್ರಕಟಣೆ ಯಾರ ಫೋನಿಗೂ ಓಡಲಿಲ್ಲ. ಆದರೆ ಮೇಡಂ ಫೋನ್ ಮಾಡಿದ್ದರು. ಒಬ್ಬ ಬಡಗಿ, ಎರಡೆರಡು ಕಾಣುತ್ತಿದೆಯೆಂದು ತಾನಾಗಿ ಆಸ್ಪತ್ರೆಗೆ ನಡೆದು ಬಂದನಂತೆ. ಗಾಡಿ ಹೇಳಿದ್ದನ್ನು ಕೇಳಿ. ಬೇಗ ಬಂದದ್ದರಿಂದ ಉಸಿರಿಗೆ ತಾಗಿಲ್ಲವಂತೆ. ಸರಿ ಮೇಡಂ ಎಂದೆ. ಖುಷಿಯಾಗಬೇಕಿತ್ತು.

ಮನೆಯಲ್ಲಿ ಫ್ರಿಜ್ ತೆರೆದೆ. ಮೂರನೇ ತಾರೀಕಿನ ರಾಜಾಜ್ಞೆ ಬಾಗಿಲಲ್ಲೇ ಇತ್ತು. ಒಳಗೆ ಹಾಲಿರಲಿಲ್ಲ. ಕುಡಿದಿದ್ದಳು.

ಮಾರ್ಚ್ 22, ಮಧ್ಯಾಹ್ನ

ದೊಡ್ಡಮ್ಮನ ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ. ಹದಿಮೂರು ದಿನ ಅವಳ ಮುಂದೆ ನಾನು ಬಾಯಿ ಬಿಟ್ಟಿರಲಿಲ್ಲ. ಇವತ್ತು ಹೊಸ ಪ್ರಕಟಣೆ ಓದಿ ಹೇಳಿದೆ. ಬಡಗಿಯ ವಿಷಯವನ್ನೂ. ಏನೂ ಇಲ್ಲ. ಯಂತ್ರ ಏರುತ್ತದೆ, ಇಳಿಯುತ್ತದೆ.

ಇನ್ನೇನು ಹೇಳುವುದು? ಕೊನೆಗೆ ಬಾಯಿಗೆ ಬಂದದ್ದು ಅದೇ. ಮೂಗಿನಲ್ಲಿ, ಮೆಲ್ಲಗೆ: ಈ ಮೂಲಕ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಫ್ರಿಜ್ಜಿನಲ್ಲಿ ಹಾಲಿಲ್ಲ, ಡಂಗುರನಿಗೆ ತರಲು ತಿಳಿಯುವುದಿಲ್ಲ, ಆದ್ದರಿಂದ ದೊಡ್ಡಮ್ಮನವರು ಕೂಡಲೇ...

ಎಡಗಣ್ಣಿನ ರೆಪ್ಪೆ ಅಲುಗಿತು.

ಗಾಳಿ ಇರಬಹುದು. ಎದ್ದು ಕಿಟಕಿ ಮುಚ್ಚಿ ಬಂದೆ. ಪರದೆಯೂ ಅಲುಗುತ್ತಿಲ್ಲ ಈಗ. ಇನ್ನೊಮ್ಮೆ ಹೇಳಿ ನೋಡುತ್ತೇನೆ. ಈ ಮೂಲಕ ಸಮಸ್ತರಿಗೂ—

ಮತ್ತೆ