ಪೂಜೆಗಿಟ್ಟ ಅಲೆನ್ ಕೀ

ಅಕ್ಟೋಬರ್ ೧, ಬುಧವಾರ. ಮಹಾನವಮಿ. ಸಮಾಮಿಶ್, ಅಮೆರಿಕ.

ಆ ಹ್ಯಾಂಡ್‌ಗಾರ್ಡ್, ಅಂದರೆ ರೈಫಲ್ ನಳಿಗೆಯ ಮೇಲಿನ ಕೈಹಿಡಿ ಕವಚ, ಬೆಳಗ್ಗೆಯಿಂದ ತಲೆಯಿಂದ ಹೋಗಿರಲೇ ಇಲ್ಲ. ಸೈನ್ಯದ ಹಳೇ ರೈಫಲ್ಲಿಗೆ ಇರುತ್ತಿದ್ದಂಥದರ ನಕಲು ತರಿಸಿ, ನನ್ನ ಪಾಯಿಂಟ್ ಟೂ-ಟೂ ರೈಫಲ್ಲಿನ ನಳಿಗೆಗೆ ತೊಡಿಸಿದ್ದೆ. ಕೂತಿತು, ಆದರೆ ಹಿಡಿದರೆ ಕಟಕಟ ಅಲುಗಾಡುತ್ತಿತ್ತು. ಕೊನೆಯ ಸ್ಕ್ರೂ ಬಿಗಿ ಮಾಡುವಷ್ಟರಲ್ಲಿ ನನ್ನ ಹೆಂಡತಿ ಗೌರಾದೇವಿ ಆ ಸ್ಕ್ರೂ ತಿರುಗಿಸುವ ಅಲೆನ್ ಕೀ ಸಮೇತ ಎಲ್ಲ ಸಾಮಾನನ್ನೂ ಖಂಡೆ ಪೂಜೆಗೆ, ಅಂದರೆ ಆಯುಧ ಪೂಜೆಗೆ, ಜೋಡಿಸಿಬಿಟ್ಟಳು. ರೈಫಲ್ ಮನೆಗೆ ಬಂದಾಗ ಎರಡು ದಿನ ಮಾತು ಬಿಟ್ಟಿದ್ದವಳು, ಇವತ್ತು ಅದಕ್ಕೂ ತಾನೇ ಕುಂಕುಮ ಹಚ್ಚಿದಳು.

"ನಾಳೆ ಬನ್ನಿ ಕೊಡೂತನಕ ಯಾವುದಕ್ಕೂ ಕೈ ಹಚ್ಚಬ್ಯಾಡ್ರಿ," ಅಂದಳು. ಹೂಂ ಅಂದಿದ್ದೆ.

ಸಂಜೆ ಅವಳು ಪಕ್ಕದ ಬೀದಿಯ ಪೂರ್ಣಿಮಾ ಮನೆಗೆ ಆರತಿಗೆ ಹೋದಳು. ಹತ್ತು ನಿಮಿಷ ತಡೆದುಕೊಂಡೆ. ಆಮೇಲೆ ಕೀ ಎತ್ತಿಕೊಂಡು ಆ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿದೆ, ಅಷ್ಟೇ. ಸದ್ದು ನಿಂತಿತು. ಕೀ ಮೇಲಿನ ಕುಂಕುಮ ಮಾತ್ರ ನನ್ನ ಹೆಬ್ಬೆರಳಿಗೆ ಬಂದಿತ್ತು. ನಾನೇ ಮತ್ತೆ ಹಚ್ಚಿ ಇಟ್ಟೆ.

ಅವಳು ಇಡುವ ಬೊಟ್ಟು ಸಾಸಿವೆಯಷ್ಟಿರುತ್ತದೆ. ನನ್ನದು ಹರಡಿಕೊಂಡು ಬಟಾಣಿಯಷ್ಟಾಯಿತು.

ಬಂದವಳು ದೀಪಕ್ಕೆ ಎಣ್ಣೆ ಹಾಕಿದಳು. ಕೀ ಕಡೆ ನೋಡಿದಳು. ಹೋಗಿ ಮಲಗಿಬಿಟ್ಟಳು.

ಬೈದಿದ್ದರೆ ಇಷ್ಟು ಹೊತ್ತಿಗೆ ನಿದ್ದೆಯಾದರೂ ಬಂದಿರುತ್ತಿತ್ತು.