ಕೆಂಪು ಚುಕ್ಕೆಯ ಲೋಟ

ಮಾರ್ಚ್ 3
ಪಾರ್ಲರ್‌ನಲ್ಲಿ ಬೆಳಗ್ಗೆಯಿಂದ ಬರೀ ಐಬ್ರೋ. ದಾರದ ತುದಿ ಹಲ್ಲಲ್ಲಿ ಕಚ್ಚಿಕೊಂಡಿದ್ದೆ, ಬ್ಯಾಂಕ್ ಮೇಡಂ ಕಣ್ಣು ಬಿಟ್ಟರು. "ಮತ್ತೆ ಹಳದಿ ಆಗಿದೆಯಲ್ಲ ನಿಮ್ಮ ಕಣ್ಣು! ನಿಮ್ಮ ಎಂಜಲಿನ ದಾರ ನನ್ನ ಮುಖಕ್ಕಾ?" ಎದ್ದೇ ಹೋದರು. ಒಂದು ಹುಬ್ಬು ಬಿಲ್ಲು, ಇನ್ನೊಂದು ಪೊದೆ. ನಗು ಬಂತು. ಆಮೇಲೆ ಅಳು.
ಹೋದ ವರ್ಷ ಜಾಂಡೀಸ್ ಬಂದು ವಾಸಿಯಾಗಿತ್ತಲ್ಲ... ಮತ್ತೇನಿದು?
ಸಂಜೆ ಅಕ್ಕ ನನ್ನ ಲೋಟಕ್ಕೆ ನೇಲ್ ಪಾಲಿಶ್‌ನಲ್ಲಿ ಕೆಂಪು ಚುಕ್ಕೆ ಇಟ್ಟಳು. "ತಪ್ಪು ತಿಳ್ಕೋಬೇಡ ಕಣೇ. ಅಂಟೋ ಕಾಯಿಲೆ." ಪಾರ್ಲರ್ ಇಬ್ಬರದ್ದು. ಮನೆಯೂ ಇಬ್ಬರದ್ದು. ಲೋಟ ಬೇರೆ.

ಮಾರ್ಚ್ 19
ಲಿವರ್ ಚೂರು ತೆಗೆದು ಮಾಡಿದ ಬಯಾಪ್ಸಿ ರಿಪೋರ್ಟ್ ಬಂತು. ಡಾಕ್ಟರಮ್ಮ ನಿಧಾನವಾಗಿ ಹೇಳಿದರು — ಹೋದ ವರ್ಷದ ವೈರಸ್ ಯಾವತ್ತೋ ಹೊರಟುಹೋಗಿದೆ. ಈಗ ನನ್ನ ಮೈಯೇ ನನ್ನ ಲಿವರ್ ಮೇಲೆ ಬಿದ್ದಿದೆಯಂತೆ. ಆಟೋಇಮ್ಯೂನ್. ವೈರಸ್ ಜೊತೆ ಜಗಳಕ್ಕಿಳಿದ ಮೈ ಕೆಲವರಲ್ಲಿ ಆಮೇಲೂ ಜಗಳ ನಿಲ್ಲಿಸೋದೇ ಇಲ್ಲವಂತೆ. ಅದೇ ಕಾರಣ ಅಂತ ಖಚಿತ ಇಲ್ಲ.
"ಹಾಗಾದ್ರೆ ಅಂಟಲ್ಲ?"
"ಯಾರಿಗೂ ಅಂಟಲ್ಲ. ಸ್ಟೀರಾಯ್ಡ್ ಮಾತ್ರೆ ಬರೆದಿದ್ದೀನಿ, ನನ್ನ ಕೇಳದೆ ನಿಲ್ಲಿಸಬೇಡಿ."
ಅಕ್ಕನಿಗೆ ಹೇಳಿದೆ. ಹೂಂ ಅಂದಳು. ಚುಕ್ಕೆ ಅಳಿಸಲಿಲ್ಲ. ರಿಮೂವರ್ ಬಾಟಲಿ ಕೈಗೆ ಎಟುಕುವಲ್ಲೇ ಇತ್ತು.

ಮೇ 11
ಕಣ್ಣು ಬಿಳಿ ಆಯ್ತು. ಮಾತ್ರೆಗೆ ಮುಖ ಮಾತ್ರ ಊದಿ ಬಲೂನು. ಕೆನ್ನೆ ಮೇಲೆ ಕೂದಲು ಬೇರೆ — ಹುಬ್ಬು ತೀಡುವವಳಿಗೇ ಮೀಸೆ! ಹೊಸ ಗಿರಾಕಿಯೊಬ್ಬಳು ನನ್ನ ನೋಡಿ, ಅಕ್ಕನ ಕುರ್ಚಿ ಖಾಲಿಯಾಗಲಿ ಅಂತ ಕಾದಳು. ನಮ್ಮ ಕೆಲಸದಲ್ಲಿ ಮುಖವೇ ಬೋರ್ಡು. ಎತ್ತ ತಿರುಗಿದರೂ ಕನ್ನಡಿ.
ಮುಂದಿನ ತಿಂಗಳು ಮದುವೆ ಮೇಕಪ್ ಇದೆ. ಅಲ್ಲಿಯವರೆಗೆ ಮಾತ್ರೆ ಬಿಡ್ತೀನಿ. ಆಮೇಲೆ ಶುರು ಮಾಡಿದರಾಯ್ತು.

ಜೂನ್ 6
ಮುಖ ಇಳಿದಿದೆ. ಮದುವೆ ಹುಡುಗಿ ನನ್ನ ಕೈಗೇ ಮುಖ ಒಡ್ಡಿದಳು. "ಈಗ ನೀನು ನೀನಾದೆ ನೋಡು" ಅಂದಳು ಅಕ್ಕ. ಎಷ್ಟು ಖುಷಿಯಾಯ್ತು!
ಸ್ವಲ್ಪ ಸುಸ್ತು. ನಿಂತು ನಿಂತು ಇರಬೇಕು.

ಜುಲೈ 2, ಆಸ್ಪತ್ರೆ
ಹೊಟ್ಟೆ ತುಂಬ ನೀರು. ಅಕ್ಷರ ಸೊಟ್ಟ. "ಯಾಕಮ್ಮ ನಿಲ್ಲಿಸಿದ್ರಿ?" ಡಾಕ್ಟರಮ್ಮ ಕೇಳಿದರು. ಮುಖಕ್ಕೋಸ್ಕರ ಅಂತ ಕೆನ್ನೆ ಮುಟ್ಟಿ ತೋರಿಸಿದೆ. ಈಗ ಕಾಯಿಲೆ ಮಾತ್ರೆಗೂ ಬಗ್ಗುತ್ತಿಲ್ಲ. ಬೇರೆಯವರ ಲಿವರ್ ತುಂಡು ಬೇಕು. ಬೇಗ.
ನನಗೆ ಸಾಯೋಕೆ ಇಷ್ಟ ಇಲ್ಲ. ಇಷ್ಟ ಇಲ್ಲ.
ಅಕ್ಕ ಹಿಂದೆಮುಂದೆ ನೋಡದೆ "ನನ್ನದು ತಗೊಳ್ಳಿ" ಅಂದಳು.
"ನನ್ನ ಲೋಟ ಮುಟ್ಟಲ್ಲ, ಲಿವರ್ ಕೊಡ್ತೀಯಾ?"
"ಬಾಯಿ ಮುಚ್ಚೇ" ಅಂತ ಬಿಕ್ಕಿದಳು.

ಜುಲೈ 5
ಟೆಸ್ಟ್‌ನಲ್ಲಿ ಗೊತ್ತಾಯ್ತು. ಅಕ್ಕನ ರಕ್ತದಲ್ಲಿ ಹೆಪಟೈಟಿಸ್ ಬಿ ವೈರಸ್. ಎಷ್ಟು ವರ್ಷದಿಂದಲೋ, ಸದ್ದಿಲ್ಲದೆ. ಅವಳ ಲಿವರ್ ತಗೊಳ್ಳಕ್ಕಾಗಲ್ಲ. ಅಂಟೋದು ಅವಳದ್ದು, ನಂದಲ್ಲ! ದೇವರೇ, ಇದೆಂಥ ಆಟ!
ನಮಗೆ ಬೇರೆ ಯಾರಿದ್ದಾರೆ? ತೀರಿಕೊಂಡವರದ್ದು ಯಾರದ್ದಾದರೂ ಸಿಕ್ಕೋವರೆಗೆ ಕಾಯಬೇಕಂತೆ. ಯಾರ ಸಾವು ಕಾಯಲಿ ನಾನು...
ಅಕ್ಕ ಬಾಗಿಲ ಹತ್ತಿರವೇ ನಿಂತಿದ್ದಾಳೆ. ಒಳಗೆ ಬರಲ್ಲ.

ಜುಲೈ 6
ಬಂದಳು. ಬ್ಯಾಗಿಂದ ತನ್ನ ಲೋಟ ತೆಗೆದಳು. ಅದಕ್ಕೂ ಕೆಂಪು ಚುಕ್ಕೆ. ಪಾಲಿಶ್ ವಾಸನೆ ಇನ್ನೂ ಹೋಗಿಲ್ಲ.
"ಹುಚ್ಚು ಹಿಡೀತಾ ನಿಂಗೆ? ರಕ್ತದಿಂದ ಹರಡೋದು, ಲೋಟದಿಂದಲ್ಲ ಅಂತ ಡಾಕ್ಟರಮ್ಮ ಹೇಳಲಿಲ್ವಾ?"
"ಹೇಳಿದ್ರು. ಆದ್ರೂ..."
"ಆ 'ಆದ್ರೂ' ಇಷ್ಟು ದಿನ ನಾನು ಕುಡಿದಿದ್ದೀನಿ ಕಣಕ್ಕಾ."
ಅವಳ ಲೋಟ ಕಿತ್ತುಕೊಂಡು ನೀರು ಕುಡಿದೆ. ಅರ್ಧ ಉಳಿಸಿ ಚಾಚಿದೆ.
ಲೋಟ ಈಗ ಅವಳ ಕೈಯಲ್ಲಿದೆ. ನಾನು ಬರೀತಿದ್ದೀನಿ. ಅವಳಿನ್ನೂ ಕುಡಿದಿಲ್ಲ.
ಕುಡಿಯಕ್ಕಾ. ನಾನಿರುವಾಗಲೇ ಒಂದು ಸಲ, ಇಬ್ಬರೂ ಒಂದೇ ಲೋಟದಲ್ಲಿ...